ಜಪಾನ್–ಬ್ರೆಜಿಲ್: ಭೂಮಿಯ ಎರಡು ತುದಿಗಳ 130 ವರ್ಷದ ನಂಟು

ಎರಡು ದೇಶಗಳ ನಡುವೆ ಸ್ನೇಹ ಒಪ್ಪಂದವಾಯಿತು, ವ್ಯಾಪಾರ ಒಪ್ಪಂದಕ್ಕೆ ಸಹಿ ಬಿತ್ತು ಎಂಬ ಸುದ್ದಿ ಪತ್ರಿಕೆಗಳಲ್ಲಿ ಆಗಾಗ ಬರುತ್ತದೆ. ಇಬ್ಬರು ನಾಯಕರು ಕೈ ಕುಲುಕುವ ಚಿತ್ರ, ಅದರ ಕೆಳಗೆ ನಾಲ್ಕು ಸಾಲು. ಆ ಸಹಿಯಿಂದ ಹೊಲದಲ್ಲಿ ದುಡಿಯುವವನಿಗೆ, ದೂರದೂರಿಗೆ ಕೂಲಿಗೆ ಹೋದವನಿಗೆ, ಶಾಲೆಗೆ ಹೋಗುವ ಅವನ ಮಗುವಿಗೆ ಏನಾಯಿತು ಎಂಬುದು ಆ ನಾಲ್ಕು ಸಾಲಿನಲ್ಲಿ ಇರುವುದಿಲ್ಲ. ಅದನ್ನು ತಿಳಿಯಬೇಕಾದರೆ ಹಳೆಯದಾದ ಒಂದು ಸಂಬಂಧವನ್ನು ತೆಗೆದುಕೊಂಡು ಮೊದಲಿನಿಂದ ನೋಡಬೇಕು. ಅದಕ್ಕೆ ಜಪಾನ್ ಮತ್ತು ಬ್ರೆಜಿಲ್ ದೇಶಗಳ ನಂಟು ಒಳ್ಳೆಯ ಉದಾಹರಣೆ.

ಎರಡು ದೇಶಗಳ ನಡುವೆ ಇದಕ್ಕಿಂತ ಹೆಚ್ಚು ದೂರ ಇರುವುದು ಕಷ್ಟ. ಟೋಕಿಯೊದಿಂದ ಸಾವೊ ಪಾಲೊ ನಗರಕ್ಕೆ ಸುಮಾರು 18,500 ಕಿಲೋಮೀಟರ್. ಗಡಿಯಾರದಲ್ಲಿ ಸರಿಯಾಗಿ 12 ಗಂಟೆಯ ಅಂತರ. ಅಲ್ಲಿ ಬೆಳಗಾದಾಗ ಇಲ್ಲಿ ರಾತ್ರಿ, ಅಲ್ಲಿ ಚಳಿ ಇದ್ದಾಗ ಇಲ್ಲಿ ಬೇಸಿಗೆ. ಭಾಷೆ, ಧರ್ಮ, ಊಟ ಯಾವುದೂ ಒಂದಲ್ಲ. ಹೀಗಿದ್ದರೂ ಜಪಾನಿನ ಹೊರಗೆ ಜಪಾನೀ ಮೂಲದ ಜನ ಅತಿ ಹೆಚ್ಚು ಇರುವ ದೇಶ ಬ್ರೆಜಿಲ್. ಅವರ ಸಂಖ್ಯೆ 20 ಲಕ್ಷಕ್ಕೂ ಹೆಚ್ಚು ಎಂದು ಅಂದಾಜು.

ಒಬ್ಬರಿಗೆ ಆಳು ಬೇಕಿತ್ತು, ಇನ್ನೊಬ್ಬರಿಗೆ ನೆಲ ಬೇಕಿತ್ತು

ಎರಡು ದೇಶಗಳ ನಡುವಿನ ಮೊದಲ ಸ್ನೇಹ, ವಾಣಿಜ್ಯ ಮತ್ತು ನೌಕಾಯಾನ ಒಪ್ಪಂದಕ್ಕೆ ಸಹಿ ಬಿದ್ದದ್ದು 1895ರ ನವೆಂಬರ್ 5ರಂದು, ಪ್ಯಾರಿಸ್ ನಗರದಲ್ಲಿ. ಆಗ ಇಬ್ಬರಿಗೂ ಅವರವರ ಕಷ್ಟ ಇತ್ತು.

ಬ್ರೆಜಿಲ್ 1888ರಲ್ಲಿ ಗುಲಾಮಗಿರಿಯನ್ನು ರದ್ದು ಮಾಡಿತ್ತು. ಸಾವೊ ಪಾಲೊ ಪ್ರಾಂತ್ಯದ ಕಾಫಿ ತೋಟಗಳಿಗೆ ಆಳುಗಳು ಬೇಕಾಗಿದ್ದರು. ಇಟಲಿಯಿಂದ ಲಕ್ಷಗಟ್ಟಲೆ ಜನ ಬಂದರು. ಆದರೆ ತೋಟದ ದೊರೆಗಳು ಹಳೆಯ ದರ್ಪವನ್ನು ಬಿಟ್ಟಿರಲಿಲ್ಲ. ದೂರುಗಳು ಹೆಚ್ಚಾದಾಗ ಇಟಲಿ ಸರ್ಕಾರ 1902ರಲ್ಲಿ, ಬ್ರೆಜಿಲ್ ಟಿಕೆಟ್ ಹಣ ಕೊಟ್ಟು ಜನರನ್ನು ಕರೆಸಿಕೊಳ್ಳುವುದನ್ನು ತಡೆಯಿತು. ಅತ್ತ ಜಪಾನಿನಲ್ಲಿ ಹಳ್ಳಿಗಳು ಬಡವಾಗಿದ್ದವು, ತೆರಿಗೆ ಭಾರವಾಗಿತ್ತು. ಅಮೆರಿಕಕ್ಕೆ ಹೋಗುವ ದಾರಿಯೂ 1907–08ರ ಹೊತ್ತಿಗೆ ಬಹುಮಟ್ಟಿಗೆ ಮುಚ್ಚಿತು. ಉಳಿದ ದಾರಿ ಬ್ರೆಜಿಲ್.

ಕಸಾಟೊ ಮಾರು ಹಡಗು

1908ರ ಏಪ್ರಿಲ್ 28ರಂದು ಕೋಬೆ ಬಂದರಿನಿಂದ ಕಸಾಟೊ ಮಾರು ಎಂಬ ಹಡಗು ಹೊರಟಿತು. ಜೂನ್ 18ರಂದು ಬ್ರೆಜಿಲ್‌ನ ಸಾಂಟೊಸ್ ಬಂದರಿಗೆ ಸೇರಿತು. ಅದರಲ್ಲಿ ಕರಾರಿನ ಮೇಲೆ ಬಂದ 781 ಜನ ಇದ್ದರು. ಒಂದು ಕುಟುಂಬದಲ್ಲಿ ಕನಿಷ್ಠ ಮೂವರು ದುಡಿಯುವವರು ಇರಬೇಕೆಂಬ ನಿಯಮವಿತ್ತು. ಅದಕ್ಕಾಗಿ ಕೆಲವರು ನೆಂಟರನ್ನು, ಪರಿಚಯದವರನ್ನು ಸೇರಿಸಿಕೊಂಡು ಕಾಗದದ ಮೇಲೆ ಕುಟುಂಬ ಮಾಡಿಕೊಂಡು ಬಂದಿದ್ದರು.

ಕೆಲವು ವರ್ಷ ದುಡಿದು ಹಣ ಕಟ್ಟಿಕೊಂಡು ಊರಿಗೆ ಮರಳುವುದು ಎಲ್ಲರ ಆಸೆ. ಆದರೆ ತೋಟದಲ್ಲಿ ಕೈಗೆ ಸಿಕ್ಕ ಕೂಲಿ ವಲಸೆ ಕಂಪನಿ ಹೇಳಿದ್ದಕ್ಕಿಂತ ಬಹಳ ಕಡಿಮೆ. ಸಾಮಾನನ್ನು ತೋಟದ ಅಂಗಡಿಯಲ್ಲೇ ಸಾಲವಾಗಿ ಕೊಳ್ಳಬೇಕು. ತಿಂಗಳ ಕೊನೆಗೆ ಲೆಕ್ಕ ನೋಡಿದರೆ ಸಾಲವೇ ಉಳಿಯುತ್ತಿತ್ತು. ಎಷ್ಟೋ ಜನ ರಾತ್ರೋರಾತ್ರಿ ತೋಟ ಬಿಟ್ಟು ಓಡಿದರು. ಕಬ್ಬು ಕಡಿಯಲು ಮುಂಗಡ ಪಡೆದು ದೂರ ಹೋಗುವ ನಮ್ಮ ಗಡಿ ಭಾಗದ ಕುಟುಂಬಗಳಿಗೆ ಈ ಲೆಕ್ಕವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮರಳಲಾಗದವರು ಅಲ್ಲಿಯೇ ಬೇರೂರಿದರು. ನೆಲವನ್ನು ಗೇಣಿಗೆ ಹಿಡಿದರು, ನಂತರ ಕೊಂಡರು. ಸಾವೊ ಪಾಲೊ ಸುತ್ತ ತರಕಾರಿ, ಆಲೂಗಡ್ಡೆ ಬೆಳೆದರು. 1927ರಲ್ಲಿ ಆಲೂಗಡ್ಡೆ ಬೆಳೆಗಾರರು ಕಟ್ಟಿದ ಕೋಟಿಯಾ ಸಹಕಾರ ಸಂಘ ಮುಂದೆ ಆ ದೇಶದ ದೊಡ್ಡ ಸಹಕಾರ ಸಂಸ್ಥೆಗಳಲ್ಲಿ ಒಂದಾಯಿತು. ಎರಡನೇ ಮಹಾಯುದ್ಧದ ಮೊದಲು ಬ್ರೆಜಿಲ್‌ಗೆ ಹೋದ ಜಪಾನೀಯರು ಸುಮಾರು 1,90,000.

ಅಮೆಜಾನ್ ಕಾಡಿನ ಪಾರಾ ಪ್ರಾಂತ್ಯದಲ್ಲಿ 1929ರಲ್ಲಿ ನೆಲೆಸಿದ ಟೊಮೆ ಅಸು ಎಂಬ ಊರಿನ ಕಥೆ ಕಾಸರಗೋಡು, ವಯನಾಡಿನವರಿಗೆ ಹತ್ತಿರದ್ದು. ಅಲ್ಲಿಗೆ 1933ರಲ್ಲಿ ಸಿಂಗಾಪುರದಿಂದ 20 ಕರಿಮೆಣಸಿನ ಸಸಿಗಳು ಹೋದವು. ಬದುಕಿದ್ದು ಬೆರಳೆಣಿಕೆಯಷ್ಟು. ಅವುಗಳಿಂದಲೇ ತೋಟಗಳಾದವು. ಯುದ್ಧದ ನಂತರ ಮೆಣಸಿನ ಬೆಲೆ ಏರಿದಾಗ ಆ ಊರು ಶ್ರೀಮಂತವಾಯಿತು. ಮುಂದೆ ಸೊರಗು ರೋಗ ಬಂದು ಬಳ್ಳಿಗಳು ಒಣಗಿದವು. ಒಂದೇ ಬೆಳೆಯನ್ನು ನಂಬಬಾರದೆಂದು ಕಲಿತ ರೈತರು ಕೋಕೋ, ಹಣ್ಣು, ಮರಗಳನ್ನು ಒಟ್ಟಿಗೆ ಬೆಳೆಯುವ ಮಿಶ್ರ ತೋಟಕ್ಕೆ ತಿರುಗಿದರು. ಮೆಣಸಿನ ತವರು ನಮ್ಮ ಪಶ್ಚಿಮ ಘಟ್ಟ. ಇಂದು ಲೋಕದ ಮಾರುಕಟ್ಟೆಗೆ ಮೆಣಸು ಕಳಿಸುವ ದೊಡ್ಡ ದೇಶಗಳಲ್ಲಿ ಬ್ರೆಜಿಲ್ ಒಂದು. ಮಲೆಯ ಬಳ್ಳಿಗೆ ಪೈಪೋಟಿ ಹುಟ್ಟಿದ ಬಗೆ ಹೀಗೆ.

ಮಾತೃಭಾಷೆಯ ಶಾಲೆಗೆ ಬೀಗ

ದೇಶಗಳ ಸ್ನೇಹ ಕೆಟ್ಟರೆ ಮೊದಲು ಪೆಟ್ಟು ಬೀಳುವುದು ನಡುವೆ ಇರುವ ಜನಕ್ಕೆ. ಬ್ರೆಜಿಲ್‌ನ 1934ರ ಸಂವಿಧಾನ ವಲಸೆಗೆ ಮಿತಿ ಹಾಕಿತು. ಗೆಟೂಲಿಯೊ ವರ್ಗಾಸ್ ಆಡಳಿತ 1938ರಿಂದ ವಿದೇಶೀ ಭಾಷೆಯ ಶಾಲೆಗಳನ್ನು ಮುಚ್ಚಿಸತೊಡಗಿತು. 1941ರಲ್ಲಿ ಜಪಾನೀ ಪತ್ರಿಕೆಗಳು ನಿಂತವು. 1942ರ ಜನವರಿಯಲ್ಲಿ ಬ್ರೆಜಿಲ್ ಜಪಾನಿನೊಂದಿಗೆ ರಾಜತಾಂತ್ರಿಕ ಸಂಬಂಧವನ್ನೇ ಕಡಿದುಕೊಂಡಿತು. 1943ರ ಜುಲೈಯಲ್ಲಿ ಸಾಂಟೊಸ್ ಬಂದರಿನಲ್ಲಿದ್ದ ಜಪಾನೀಯರು ಮತ್ತು ಜರ್ಮನರು 24 ಗಂಟೆಯೊಳಗೆ ಊರು ಬಿಡಬೇಕೆಂದು ಆಜ್ಞೆಯಾಯಿತು. 35 ವರ್ಷದ ಹಿಂದೆ ಹಡಗಿನಿಂದ ಇಳಿದ ಊರಿನಿಂದಲೇ ಅವರನ್ನು ಹೊರಗೆ ಹಾಕಲಾಯಿತು.

ಸ್ವಂತ ಭಾಷೆಯ ಪತ್ರಿಕೆ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಮುಂದಿನ ಘಟನೆಯೇ ಸಾಕ್ಷಿ. 1945ರಲ್ಲಿ ಜಪಾನ್ ಸೋತಾಗ ಆ ಸುದ್ದಿಯನ್ನು ನಂಬಲು ಅಲ್ಲಿನ ಬಹಳ ಜನ ಒಪ್ಪಲಿಲ್ಲ. ಪೋರ್ಚುಗೀಸ್ ಪತ್ರಿಕೆ ಓದಲು ಅವರಿಗೆ ಬಾರದು, ಓದಬಲ್ಲ ಭಾಷೆಯಲ್ಲಿ ಪತ್ರಿಕೆ ಇಲ್ಲ. ಗೆದ್ದೆವು ಎನ್ನುವವರು, ಸೋತೆವು ಎನ್ನುವವರು ಎಂದು ಸಮುದಾಯ ಎರಡಾಯಿತು. ಶಿಂಡೊ ರೆನ್ಮೆಯ್ ಎಂಬ ಗುಪ್ತ ಸಂಘಟನೆ ಸೋಲನ್ನು ಒಪ್ಪಿಕೊಂಡ ತನ್ನವರ ಮೇಲೆಯೇ ಗುಂಡು ಹಾರಿಸಿತು. 1946–47ರಲ್ಲಿ 23 ಜನ ಸತ್ತರು.

ಈ ಕಾಲದ ಕಿರುಕುಳಕ್ಕಾಗಿ ಬ್ರೆಜಿಲ್ ಸರ್ಕಾರದ ಕ್ಷಮಾದಾನ ಆಯೋಗ 2024ರ ಜುಲೈಯಲ್ಲಿ ಅಧಿಕೃತವಾಗಿ ಕ್ಷಮೆ ಕೇಳಿತು. ಊರು ಬಿಟ್ಟವರಲ್ಲಿ ಹೆಚ್ಚಿನವರು ಆ ಮಾತನ್ನು ಕೇಳಲು ಬದುಕಿರಲಿಲ್ಲ.

ಉಕ್ಕು, ಅದಿರು, ದೊಡ್ಡ ಹಡಗು

1952ರಲ್ಲಿ ಸಂಬಂಧ ಮತ್ತೆ ಆರಂಭವಾಯಿತು. ಈ ಸಲ ಆಳುಗಳ ಜತೆಗೆ ಬಂಡವಾಳವೂ ತಂತ್ರಜ್ಞಾನವೂ ಬಂದವು. ಮಿನಾಸ್ ಜೆರೈಸ್ ಪ್ರಾಂತ್ಯದ ಇಪಟಿಂಗಾ ಎಂಬಲ್ಲಿ ಉಸಿಮಿನಾಸ್ ಉಕ್ಕಿನ ಕಾರ್ಖಾನೆಗೆ 1957ರಲ್ಲಿ ಜಪಾನ್ ಕೈಜೋಡಿಸಿತು. ಮೊದಲಿಗೆ ಜಪಾನಿನ ಪಾಲು ಶೇಕಡಾ 40. ಕಾರ್ಖಾನೆ 1962ರಲ್ಲಿ ಕೆಲಸ ಶುರು ಮಾಡಿತು. ಯುದ್ಧದಲ್ಲಿ ಸುಟ್ಟುಹೋಗಿದ್ದ ದೇಶ ಹೊರದೇಶದಲ್ಲಿ ಇಷ್ಟು ದೊಡ್ಡ ಕಾರ್ಖಾನೆ ಕಟ್ಟಬಲ್ಲದು ಎಂದು ತೋರಿಸಿದ್ದು ಇದೇ ಕೆಲಸ. ರಿಯೊ ನಗರದಲ್ಲಿ ಜಪಾನಿನ ಕಂಪನಿಯೊಂದು 1959ರಲ್ಲಿ ಹಡಗು ಕಟ್ಟುವ ಕಾರ್ಖಾನೆಯನ್ನೂ ತೆರೆಯಿತು.

ಮುಂದಿನದು ಕಬ್ಬಿಣದ ಅದಿರು. ಜಪಾನಿಗೆ ಅದಿರು ಬೇಕು, ಬ್ರೆಜಿಲ್ ನೆಲದಲ್ಲಿ ಬೇಕಾದಷ್ಟಿದೆ. ಆದರೆ ಅರ್ಧ ಭೂಮಿ ಸುತ್ತಿ ಸಾಗಿಸುವ ಬಾಡಿಗೆಯಲ್ಲೇ ಲಾಭ ಮುಗಿಯುತ್ತಿತ್ತು. ಆಗ ವಾಲೆ ದೊ ರಿಯೊ ದೊಸೆ ಎಂಬ ಸರ್ಕಾರಿ ಗಣಿ ಕಂಪನಿಯನ್ನು ನಡೆಸುತ್ತಿದ್ದ ಎಲಿಯೆಸರ್ ಬಟಿಸ್ಟಾ ಒಂದು ಉಪಾಯ ಮಾಡಿದರು. 1962ರಲ್ಲಿ ಜಪಾನಿನ ಉಕ್ಕಿನ ಕಾರ್ಖಾನೆಗಳೊಂದಿಗೆ 15 ವರ್ಷದ ಖರೀದಿ ಕರಾರು ಮಾಡಿಕೊಂಡರು. ಆ ಕರಾರನ್ನು ತೋರಿಸಿ ಸಾಲ ತಂದು, ಬಹಳ ದೊಡ್ಡ ಹಡಗುಗಳು ನಿಲ್ಲಬಲ್ಲ ಟುಬರಾವೊ ಬಂದರನ್ನು ಕಟ್ಟಿದರು. ಅದು 1966ರಲ್ಲಿ ತೆರೆಯಿತು. ಅದಿರನ್ನೂ ಎಣ್ಣೆಯನ್ನೂ ಸಾಗಿಸಬಲ್ಲ ಹಡಗುಗಳು ಬಂದವು. ಹೋಗುವಾಗ ಜಪಾನಿಗೆ ಅದಿರು, ಬರುವಾಗ ಕೊಲ್ಲಿ ದೇಶಗಳಿಂದ ಕಚ್ಚಾ ತೈಲ. ಖಾಲಿ ಗಾಡಿ ಓಡಿಸಿದರೆ ಬಾಡಿಗೆ ಗಿಟ್ಟುವುದಿಲ್ಲ ಎಂದು ಲಾರಿ ಮಾಲೀಕರಿಗೆಲ್ಲ ಗೊತ್ತು. ಅದೇ ಲೆಕ್ಕವನ್ನು ಇಲ್ಲಿ ಸಮುದ್ರಕ್ಕೆ ಹಾಕಲಾಯಿತು.

ಆ ಕಾಲದಲ್ಲಿ ಗೋವೆಯ ಅದಿರು ಕೂಡ ಮರ್ಮಗೋವಾ ಬಂದರಿನಿಂದ ಜಪಾನಿಗೇ ಹೋಗುತ್ತಿತ್ತು. ಒಬ್ಬನೇ ಗಿರಾಕಿಗೆ ಎರಡು ಖಂಡಗಳಿಂದ ಮಾಲು ಎಂಬಂತೆ.

ಸೋಯಾ ಕಾಳಿನ ಪಾಠ

1973ರ ಜೂನ್ 27ರಂದು ಅಮೆರಿಕದ ಅಧ್ಯಕ್ಷ ನಿಕ್ಸನ್ ಸೋಯಾ ರಫ್ತಿಗೆ ತಡೆ ಹಾಕಿದರು. ತಮ್ಮ ದೇಶದಲ್ಲಿ ಬೆಲೆ ಏರಿದೆ ಎಂಬುದು ಕಾರಣ. ತಡೆ ಕೆಲವೇ ತಿಂಗಳು ಇತ್ತು. ಆದರೆ ಜಪಾನಿನಲ್ಲಿ ಗಾಬರಿಯಾಯಿತು. ತೋಫು, ಮಿಸೊ, ಸೋಯಾ ಸಾರು ಅವರ ದಿನನಿತ್ಯದ ಊಟ, ಕಾಳಿನ ಬಹುಪಾಲು ಬರುತ್ತಿದ್ದುದು ಅಮೆರಿಕದಿಂದ. ಒಬ್ಬನೇ ಮಾರುವವನನ್ನು ನಂಬಿ ಕುಳಿತರೆ ಆಗದು ಎಂದು ಸರ್ಕಾರಕ್ಕೆ ಮನವರಿಕೆಯಾಯಿತು. 1974ರ ಸೆಪ್ಟೆಂಬರಿನಲ್ಲಿ ಪ್ರಧಾನಿ ತನಕಾ ಕಕುಯೆಯ್ ಬ್ರೆಜಿಲ್‌ಗೆ ಹೋಗಿ ಅಧ್ಯಕ್ಷ ಗೈಸೆಲ್ ಜತೆ ಮಾತನಾಡಿದರು.

ಬ್ರೆಜಿಲ್‌ನ ನಡುಭಾಗದಲ್ಲಿ ಸೆರ್ರಾಡೊ ಎಂಬ ಕುರುಚಲು ಕಾಡಿನ ಬಯಲು ಇದೆ. ವಿಸ್ತಾರ ಸುಮಾರು 20 ಕೋಟಿ ಹೆಕ್ಟೇರ್. ಕೆಂಪು ಮಣ್ಣು, ಹುಳಿ ಹೆಚ್ಚು, ಅಲ್ಯೂಮಿನಿಯಂ ಹೆಚ್ಚು, ರಂಜಕ ಕಡಿಮೆ. ಇಲ್ಲಿ ಬೆಳೆ ಬಾರದು ಎಂದೇ ಎಲ್ಲರ ನಂಬಿಕೆ. 1973ರಲ್ಲಿ ಹುಟ್ಟಿದ ಎಂಬ್ರಾಪಾ ಎಂಬ ಕೃಷಿ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಅದನ್ನು ಸುಳ್ಳು ಮಾಡಿದರು. ಸುಣ್ಣ ಹಾಕಿ ಹುಳಿ ತಗ್ಗಿಸಿದರು, ರಂಜಕ ಗೊಬ್ಬರ ಕೊಟ್ಟರು, ತಂಪು ಸೀಮೆಯ ಸೋಯಾವನ್ನು ಬಿಸಿ ಸೀಮೆಗೆ ಒಗ್ಗುವಂತೆ ತಳಿ ಮಾಡಿದರು. ಈ ಕೆಲಸಕ್ಕಾಗಿ 2006ರ ವಿಶ್ವ ಆಹಾರ ಪ್ರಶಸ್ತಿ ಬಂತು.

ಜಪಾನ್ ಇದಕ್ಕೆ ಸಾಲವನ್ನೂ ತಜ್ಞರನ್ನೂ ಕೊಟ್ಟಿತು. ಪ್ರೊಡೆಸೆರ್ ಎಂಬ ಹೆಸರಿನ ಜಂಟಿ ಯೋಜನೆ 1979ರಿಂದ 2001ರವರೆಗೆ ಮೂರು ಹಂತದಲ್ಲಿ ನಡೆಯಿತು. ಸುಮಾರು 700 ರೈತ ಕುಟುಂಬಗಳು ನೆಲೆಸಿದವು, ಸುಮಾರು 3.5 ಲಕ್ಷ ಹೆಕ್ಟೇರ್ ಸಾಗುವಳಿಗೆ ಬಂತು. ಅದನ್ನು ನೋಡಿ ಉಳಿದವರು ತಾವೇ ಮುಂದುವರಿದರು. ಇಂದು ಲೋಕದಲ್ಲೇ ಅತಿ ಹೆಚ್ಚು ಸೋಯಾ ಬೆಳೆಯುವ, ಮಾರುವ ದೇಶ ಬ್ರೆಜಿಲ್. ಬೀದರ್, ಸೊಲ್ಲಾಪುರ, ಪಶ್ಚಿಮ ತೆಲಂಗಾಣದ ಸೋಯಾ ರೈತರಿಗೆ ಸಿಗುವ ದರದ ಮೇಲೂ ಅಲ್ಲಿನ ಬೆಳೆಯ ನೆರಳು ಬೀಳುತ್ತದೆ.

ಲೆಕ್ಕದ ಇನ್ನೊಂದು ಬದಿಯನ್ನೂ ನೋಡಬೇಕು. ಸೆರ್ರಾಡೊದ ಸಹಜ ಗಿಡಮರಗಳಲ್ಲಿ ಸುಮಾರು ಅರ್ಧ ಈಗ ಇಲ್ಲ. ಹಲವು ನದಿಗಳು ಹುಟ್ಟುವ ಜಾಗ ಅದು. ಯಾವ ದೇಶಕ್ಕಾಗಿ ಈ ಕೆಲಸ ಆರಂಭವಾಯಿತೋ ಆ ಜಪಾನ್ ಇಂದೂ ಹೆಚ್ಚಿನ ಸೋಯಾವನ್ನು ಅಮೆರಿಕದಿಂದಲೇ ತರಿಸುತ್ತದೆ. ಬ್ರೆಜಿಲ್‌ನ ದೊಡ್ಡ ಗಿರಾಕಿ ಚೀನಾ. ಹಾಗಾದರೂ ಜಪಾನಿಗೆ ನಷ್ಟವಾಗಲಿಲ್ಲ. ಮಾರುವವರು ಇಬ್ಬರಾದರು, ಯಾರೊಬ್ಬರೂ ಕೈ ತಿರುಚಲು ಆಗದಂತಾಯಿತು.

ಇದೇ ಮಾದರಿಯನ್ನು ಆಫ್ರಿಕದ ಮೊಜಾಂಬಿಕ್‌ನಲ್ಲಿ ಮಾಡಲು ಮೂರು ದೇಶಗಳು 2009ರಲ್ಲಿ ಒಪ್ಪಿದವು. ಪ್ರೊಸವಾನಾ ಅದರ ಹೆಸರು. ಅಲ್ಲಿ ಸಣ್ಣ ಹಿಡುವಳಿದಾರರು ಈಗಾಗಲೇ ಉಳುತ್ತಿದ್ದರು. ನಮ್ಮ ನೆಲ ಹೋಗುತ್ತದೆ, ನಮ್ಮನ್ನು ಕೇಳಲಿಲ್ಲ ಎಂದು ಅವರು ಎದ್ದರು. ಯೋಜನೆ 2020ರಲ್ಲಿ ಕೊನೆಗೊಂಡಿತು. ಸರ್ಕಾರಗಳು ಎಷ್ಟೇ ಸ್ನೇಹದಿಂದಿದ್ದರೂ ಉಳುವವನ ಒಪ್ಪಿಗೆ ಇಲ್ಲದೆ ಕೆಲಸ ಸಾಗದು ಎಂಬುದು ಅಲ್ಲಿ ಗೊತ್ತಾಯಿತು.

ಮೊಮ್ಮಕ್ಕಳು ಹಿಂದಿರುಗಿದರು

1980ರ ದಶಕದಲ್ಲಿ ಗಾಳಿ ತಿರುಗಿತು. ಬ್ರೆಜಿಲ್‌ನಲ್ಲಿ ಬೆಲೆ ಏರಿಕೆ ಮಿತಿ ಮೀರಿತು. ಜಪಾನಿನ ಕಾರ್ಖಾನೆಗಳಿಗೆ ಆಳು ಸಾಲದಾಯಿತು. ಜಪಾನ್ 1990ರಲ್ಲಿ ವಲಸೆ ಕಾಯಿದೆಯನ್ನು ಬದಲಿಸಿ, ಜಪಾನೀ ಮೂಲದವರ ಮೂರನೇ ತಲೆಮಾರಿನವರೆಗೆ ಬಂದು ಕೆಲಸ ಮಾಡಲು ಅವಕಾಶ ಕೊಟ್ಟಿತು. ಹಮಾಮಟ್ಸು, ಓಯಿಜುಮಿಯಂಥ ಕಾರ್ಖಾನೆ ಊರುಗಳಲ್ಲಿ ಪೋರ್ಚುಗೀಸ್ ಬೋರ್ಡುಗಳು ಎದ್ದವು. 2007ರಲ್ಲಿ ಜಪಾನಿನಲ್ಲಿದ್ದ ಬ್ರೆಜಿಲ್ ಪ್ರಜೆಗಳು 3.1 ಲಕ್ಷ ದಾಟಿದ್ದರು.

ಮುಖ ಜಪಾನೀಯರದ್ದು, ಮಾತು ಬ್ರೆಜಿಲ್‌ನದ್ದು. ಬ್ರೆಜಿಲ್‌ನಲ್ಲಿ ಅವರನ್ನು ಜಪಾನೀಯರು ಎನ್ನುತ್ತಿದ್ದರು, ಜಪಾನಿನಲ್ಲಿ ಬ್ರೆಜಿಲಿನವರು ಎಂದರು. ಗಡಿಯಲ್ಲಿ ಹುಟ್ಟಿದವರಿಗೆ ಈ ಅನುಭವ ಹೊಸದಲ್ಲ. ಒಂದು ರಾಜ್ಯದಲ್ಲಿ ಕನ್ನಡದವನು, ಇನ್ನೊಂದು ರಾಜ್ಯಕ್ಕೆ ಹೋದರೆ ಹೊರಗಿನವನು.

2008ರ ಆರ್ಥಿಕ ಕುಸಿತದಲ್ಲಿ ಮೊದಲು ಕೆಲಸ ಕಳೆದುಕೊಂಡವರಲ್ಲಿ ಇವರೂ ಸೇರಿದ್ದರು. 2009ರಲ್ಲಿ ಜಪಾನ್ ಸರ್ಕಾರ, ಊರಿಗೆ ಮರಳುವವರಿಗೆ ತಲಾ 3 ಲಕ್ಷ ಯೆನ್, ಅವರ ಅವಲಂಬಿತರಿಗೆ ತಲಾ 2 ಲಕ್ಷ ಯೆನ್ ಕೊಡುವುದಾಗಿ ಹೇಳಿತು. ಹಣ ತೆಗೆದುಕೊಂಡವರು ಅದೇ ವೀಸಾದಲ್ಲಿ ಮತ್ತೆ ಬರುವಂತಿರಲಿಲ್ಲ. ಆ ತಡೆ ಸಡಿಲವಾದದ್ದು 2013ರಲ್ಲಿ.

ಮಕ್ಕಳ ಓದು ಇನ್ನೂ ದೊಡ್ಡ ಪ್ರಶ್ನೆ. ಜಪಾನಿನ ಕಡ್ಡಾಯ ಶಿಕ್ಷಣ ನಿಯಮ ವಿದೇಶೀ ಮಕ್ಕಳಿಗೆ ಅನ್ವಯಿಸುವುದಿಲ್ಲ. ಸರ್ಕಾರಿ ಶಾಲೆಯಲ್ಲಿ ಪಾಠ ಅರ್ಥವಾಗದು, ಪೋರ್ಚುಗೀಸ್ ಕಲಿಸುವ ಖಾಸಗಿ ಶಾಲೆಗೆ ಶುಲ್ಕ ಕಟ್ಟಲಾಗದು. ಜಪಾನ್ ಸರ್ಕಾರ 2019ರಲ್ಲಿ ಮಾಡಿದ ಸಮೀಕ್ಷೆ, ಎಲ್ಲ ದೇಶಗಳವರೂ ಸೇರಿ ಸುಮಾರು 20 ಸಾವಿರ ವಿದೇಶೀ ಮಕ್ಕಳು ಶಾಲೆಯ ಹೊರಗೆ ಇರಬಹುದು ಎಂದಿತು.

ಒಳ್ಳೆಯ ಕೆಲಸವೂ ಆಗಿದೆ. ಎರಡು ದೇಶಗಳ ನಡುವಿನ ಸಾಮಾಜಿಕ ಭದ್ರತಾ ಒಪ್ಪಂದ 2012ರ ಮಾರ್ಚ್ 1ರಿಂದ ಜಾರಿಗೆ ಬಂತು. ಒಬ್ಬನು ಇಲ್ಲಿ ಕೆಲವು ವರ್ಷ, ಅಲ್ಲಿ ಕೆಲವು ವರ್ಷ ದುಡಿದಿದ್ದರೆ ಎರಡನ್ನೂ ಕೂಡಿಸಿ ಪಿಂಚಣಿಯ ಅರ್ಹತೆಗೆ ಲೆಕ್ಕ ಹಿಡಿಯಬಹುದು. ದೊಡ್ಡ ಭಾಷಣಗಳಿಗಿಂತ ಇಂಥ ಒಂದು ಕಾಗದ ಕೂಲಿಕಾರನಿಗೆ ಹೆಚ್ಚು ಉಪಯೋಗದ್ದು.

ಇಂದಿನ ಸ್ಥಿತಿ

ಬ್ರೆಜಿಲ್ ತನ್ನ ಡಿಜಿಟಲ್ ಟಿವಿಗೆ 2006ರಲ್ಲಿ ಜಪಾನಿನ ತಂತ್ರಜ್ಞಾನವನ್ನು ಆರಿಸಿಕೊಂಡಿತು. ನಂತರ ಪೆರು, ಅರ್ಜೆಂಟೀನಾ, ಚಿಲಿ ದೇಶಗಳೂ ಅದನ್ನೇ ಹಿಡಿದವು. ಜಪಾನಿನ ಒಳನಾಡು ವಿಮಾನ ಮಾರ್ಗಗಳಲ್ಲಿ ಬ್ರೆಜಿಲ್‌ನ ಎಂಬ್ರಾಯರ್ ವಿಮಾನಗಳು ಹಾರುತ್ತಿವೆ. ಜಪಾನ್ ಹೊರಗಿನಿಂದ ತರಿಸುವ ಕೋಳಿ ಮಾಂಸದಲ್ಲಿ ಹೆಚ್ಚಿನದು ಬ್ರೆಜಿಲ್‌ನದು. 2023ರ ಸೆಪ್ಟೆಂಬರ್ ಕೊನೆಯಿಂದ ಅಲ್ಪಾವಧಿ ಭೇಟಿಗೆ ಎರಡೂ ಕಡೆಯವರಿಗೆ ವೀಸಾ ಬೇಕಿಲ್ಲ. 2025ರ ಮಾರ್ಚಿನಲ್ಲಿ ಅಧ್ಯಕ್ಷ ಲುಲಾ ಜಪಾನಿಗೆ ರಾಜ್ಯ ಭೇಟಿ ಕೊಟ್ಟರು. ಅದು ಸಂಬಂಧದ 130ನೇ ವರ್ಷ.

ಆದರೂ ವ್ಯಾಪಾರ ಮೊದಲಿನಂತಿಲ್ಲ. 2011ರಲ್ಲಿ ಸುಮಾರು 1,700 ಕೋಟಿ ಡಾಲರ್ ಇದ್ದ ವಹಿವಾಟು 2024ರಲ್ಲಿ ಸುಮಾರು 1,100 ಕೋಟಿ ಡಾಲರ್. 2009ರಿಂದ ಬ್ರೆಜಿಲ್‌ನ ಅತಿ ದೊಡ್ಡ ವ್ಯಾಪಾರ ಜತೆಗಾರ ಚೀನಾ. ದನದ ಮಾಂಸಕ್ಕೆ ಜಪಾನಿನ ಮಾರುಕಟ್ಟೆ ತೆರೆಯಬೇಕೆಂಬುದು ಬ್ರೆಜಿಲ್‌ನ ಹಳೆಯ ಬೇಡಿಕೆ, 2025ರ ಭೇಟಿಯಲ್ಲೂ ಅದೇ ಮಾತು. ಅಲ್ಲಿನ ಮಾಂಸದ ದನಗಳಲ್ಲಿ ಬಹುಪಾಲು ನೆಲೋರ್ ತಳಿ. ಅದು ಆಂಧ್ರದ ನೆಲ್ಲೂರು, ಒಂಗೋಲು ಸೀಮೆಯ ಎತ್ತುಗಳ ವಂಶ. ಬದಲಿಗೆ ಬ್ರೆಜಿಲ್ ನಮಗೆ ಕೊಟ್ಟದ್ದು ಗೇರು. ಪೋರ್ಚುಗೀಸರು 16ನೇ ಶತಮಾನದಲ್ಲಿ ತಂದ ಆ ಮರ ಗೋವೆಯಿಂದ ಕಾಸರಗೋಡಿನವರೆಗೆ ಕರಾವಳಿಯ ಗುಡ್ಡಗಳಲ್ಲಿ ನಮ್ಮದೇ ಆಗಿಬಿಟ್ಟಿದೆ. ಭದ್ರತಾ ಮಂಡಳಿಯ ಕಾಯಂ ಸ್ಥಾನಕ್ಕಾಗಿ ಭಾರತ, ಜಪಾನ್, ಬ್ರೆಜಿಲ್, ಜರ್ಮನಿ ಜಿ-4 ಎಂಬ ಗುಂಪಾಗಿ ಒಟ್ಟಿಗೆ ಕೇಳುತ್ತಿವೆ.

ಈ ನಂಟಿನಿಂದ ತಿಳಿಯುವುದು

ಮೊದಲನೆಯದು, ಇಬ್ಬರಿಗೂ ಕೊರತೆ ಇದ್ದು ಒಬ್ಬರ ಕೊರತೆಯನ್ನು ಇನ್ನೊಬ್ಬರು ತುಂಬುವಂತಿದ್ದರೆ ದೂರ ಅಡ್ಡಿಯಾಗದು. ಎರಡನೆಯದು, ಒಂದು ವರ್ಷದ ಖರೀದಿಗಿಂತ 15 ವರ್ಷದ ಕರಾರು ಬಂದರನ್ನೇ ಕಟ್ಟಿಸಬಲ್ಲದು. ಮೂರನೆಯದು, ಸಂಬಂಧವನ್ನು ಹೊತ್ತು ನಿಲ್ಲುವವರು ಎರಡು ಭಾಷೆ ಬಲ್ಲ ಜನ. ಅವರ ಶಾಲೆ, ಪತ್ರಿಕೆ, ಪಿಂಚಣಿಯನ್ನು ಮರೆತರೆ ಸಹಿ ಮಾಡಿದ ಕಾಗದಕ್ಕೆ ಬೆಲೆ ಉಳಿಯದು.

ಎರಡು ಭಾಷೆಯ ಮನೆಗಳಲ್ಲಿ ಬೆಳೆದ ನಮ್ಮ ಓದುಗರಿಗೆ ಈ ಮೂರನೆಯ ಮಾತು ಬೇರೆಯವರಿಗಿಂತ ಬೇಗ ಅರ್ಥವಾದೀತು.

ನೆನಪಿಡಬೇಕಾದ ಇಸವಿಗಳು

1895 – ಪ್ಯಾರಿಸ್‌ನಲ್ಲಿ ಸ್ನೇಹ ಮತ್ತು ವಾಣಿಜ್ಯ ಒಪ್ಪಂದ
1908 – ಕಸಾಟೊ ಮಾರು ಹಡಗು ಸಾಂಟೊಸ್‌ಗೆ
1942 – ಸಂಬಂಧ ಕಡಿತ
1952 – ಸಂಬಂಧ ಪುನರಾರಂಭ
1962 – ಉಸಿಮಿನಾಸ್ ಆರಂಭ, ಅದಿರಿನ ದೀರ್ಘ ಕರಾರು
1979–2001 – ಸೆರ್ರಾಡೊ ಜಂಟಿ ಯೋಜನೆ
1990 – ಜಪಾನಿನ ವಲಸೆ ಕಾಯಿದೆ ಬದಲಾವಣೆ
2012 – ಸಾಮಾಜಿಕ ಭದ್ರತಾ ಒಪ್ಪಂದ ಜಾರಿ
2023 – ಅಲ್ಪಾವಧಿ ಭೇಟಿಗೆ ವೀಸಾ ವಿನಾಯಿತಿ
2024 – ಯುದ್ಧಕಾಲದ ಕಿರುಕುಳಕ್ಕೆ ಬ್ರೆಜಿಲ್‌ನ ಕ್ಷಮೆ
2025 – ಸಂಬಂಧಕ್ಕೆ 130 ವರ್ಷ